ಸಲಿಕೆಯ ಮೇಲಿನ ಮೂರು ಅಕ್ಷರಗಳು

ಯುದ್ಧವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುವು ಬಂದೂಕು, ಫಿರಂಗಿಗಳು. ಆದರೆ ಸೈನ್ಯವು ಮುಂದಡಿಯಿಡಬೇಕಾದರೆ ಸೇತುವೆ ಕಟ್ಟುವವರೂ ಮುಳ್ಳುತಂತಿ ಕತ್ತರಿಸುವವರೂ ಕಂದಕ ತೋಡುವವರೂ ಬೇಕು. ಜರ್ಮನ್ ಸೈನ್ಯದಲ್ಲಿ ಇವರಿಗೆ ‘ಪಿಯೋನೀರ್’ ಎಂದು ಹೆಸರು. ಇವರು ಬಳಸಿದ ಸಲಿಕೆ, ಗುದ್ದಲಿ, ಕೊಡಲಿ, ಗರಗಸ, ತಂತಿಕತ್ತರಿಗಳನ್ನು ಸಂಗ್ರಹಿಸುವ ಹವ್ಯಾಸಿಗಳು ಇಂದು ಯೂರೋಪಿನಲ್ಲಿಯೂ ಅಮೆರಿಕದಲ್ಲಿಯೂ ಇದ್ದಾರೆ. ಹಳೆಯ ಕಬ್ಬಿಣದಲ್ಲಿ ಅವರು ಕಾಣುವುದಾದರೂ ಏನನ್ನು? ಒಂದು ಸಲಿಕೆಯನ್ನೇ ತೆಗೆದುಕೊಂಡು ನಾವು ಪರಿಶೀಲಿಸೋಣ.

ಸೈನಿಕನು ಸೊಂಟದಲ್ಲಿ ಸಿಕ್ಕಿಸಿಕೊಳ್ಳಬಹುದಾದ ಗಿಡ್ಡ ಸಲಿಕೆಯನ್ನು 1869ರಲ್ಲಿ ರೂಪಿಸಿದವನು ಡೆನ್ಮಾರ್ಕಿನ ಸೇನಾಧಿಕಾರಿ ಲಿನ್ನೆಮಾನ್. ಜರ್ಮನರ 1938ರ ಮಾದರಿಯು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅದರ ಅಲಗಿಗೂ ಹಿಡಿಗೂ ನಡುವೆ ಕೀಲುಂಟು. ಕೀಲನ್ನು ಬಿಗಿಹಿಡಿಯಲು ತಿರುಪಿನ ದೊಡ್ಡ ನಟ್ಟು ಉಂಟು. ನಟ್ಟನ್ನು ಸಡಿಲಿಸಿ ಅಲಗನ್ನು ನೇರವಾಗಿ ನಿಲ್ಲಿಸಿದರೆ ಅದು ಸಲಿಕೆ. ಲಂಬಕೋನದಲ್ಲಿ ನಿಲ್ಲಿಸಿದರೆ ಗುದ್ದಲಿ. ಪೂರ್ತಿ ಮಡಿಸಿದರೆ ಸುಲಭವಾಗಿ ಹೊರಬಹುದಾದ ಹೊರೆ. ಶತ್ರುಪಕ್ಷದ ಅಮೆರಿಕನರೇ 1943ರ ತಮ್ಮ ಸಲಿಕೆಗೆ ಈ ಕೀಲಿನ ತತ್ತ್ವವನ್ನು ಅಳವಡಿಸಿಕೊಂಡರು.

ಆದರೆ ಸಂಗ್ರಹಕಾರನ ಕಣ್ಣು ಮೊದಲು ಅರಸುವುದು ಲೋಹದ ಮೇಲಿನ ಮುದ್ರೆಯನ್ನು. ಮೊದಮೊದಲು ಉಪಕರಣಗಳ ಮೇಲೆ ತಯಾರಕರ ಹೆಸರನ್ನೇ ಒತ್ತುತ್ತಿದ್ದರು. ಎರಡನೆಯ ಮಹಾಯುದ್ಧ ಆರಂಭವಾದ ಮೇಲೆ, ಕಾರ್ಖಾನೆ ಯಾವುದೆಂಬುದು ಶತ್ರುವಿಗೆ ತಿಳಿಯದಿರಲೆಂದು, ಹೆಸರಿನ ಬದಲು ಎರಡು ಮೂರು ಸಂಕೇತಾಕ್ಷರಗಳನ್ನು ಒತ್ತತೊಡಗಿದರು. ಇಂದು ಆ ಸಂಕೇತಗಳ ಪಟ್ಟಿಗಳು ದೊರೆಯುತ್ತವೆ. ಗುಟ್ಟನ್ನು ಕಾಯಲೆಂದು ಒತ್ತಿದ ಅಕ್ಷರಗಳೇ ಈಗ ಕಾರ್ಖಾನೆಯ ವಿಳಾಸವನ್ನು ಹೇಳುತ್ತವೆ.

ಬೆಲೆಯಿದ್ದೆಡೆ ಮೋಸವೂ ಇರುವುದು ಸಹಜ. ಸಾಧಾರಣ ಸಲಿಕೆಗೆ ಹೊಸದಾಗಿ ಮುದ್ರೆಯೊತ್ತಿ ಮಾರುವವರುಂಟು. ಇಲ್ಲಿ ಭೂತಗನ್ನಡಿಯು ನೆರವಾಗುತ್ತದೆ. ಹಳೆಯ ಮುದ್ರೆಯ ತಗ್ಗಿನಲ್ಲಿಯೂ ಸುತ್ತಲಿನಂತೆಯೇ ಬಣ್ಣ, ತುಕ್ಕುಗಳು ಕುಳಿತಿರುತ್ತವೆ. ಹೊಸದಾಗಿ ಒತ್ತಿದಲ್ಲಿ ಅವು ಒಡೆದು ಲೋಹವು ಹೊಳೆಯುತ್ತದೆ.

ಆದುದರಿಂದ ತುಕ್ಕನ್ನು ಉಜ್ಜಿ ಥಳಥಳಿಸುವಂತೆ ಮಾಡುವುದು ಸಲ್ಲದು. ತುಕ್ಕಿನೊಡನೆ ಬಣ್ಣವೂ ಮುದ್ರೆಯೂ ಸವೆದುಹೋದಾವು. ಬಲ್ಲವರು ಸಡಿಲವಾದ ಹಕ್ಕಳೆಯನ್ನು ಮಾತ್ರ ತೆಗೆದು, ಉಳಿದುದಕ್ಕೆ ಟ್ಯಾನಿಕ್ ಆಮ್ಲವನ್ನು ಲೇಪಿಸುವುದುಂಟು. ಅದು ಕಬ್ಬಿಣದ ತುಕ್ಕಿನೊಡನೆ ಕೂಡಿ ಕಪ್ಪುಛಾಯೆಯ ಸ್ಥಿರವಾದ ಪದರವಾಗುತ್ತದೆ. ಅನ್ನಭೇದಿಗೆ ಅಳಲೆಕಾಯಿಯ ಕಷಾಯವನ್ನು ಬೆರೆಸಿ ನಮ್ಮ ಹಿರಿಯರು ಮಾಡುತ್ತಿದ್ದ ಕಪ್ಪುಶಾಯಿಯ ಗುಟ್ಟೂ ಇದೇ ರಸಾಯನಕ್ರಿಯೆ.

ಮುದ್ರೆಯನ್ನು ಉಳಿಸಬೇಕಾದುದಕ್ಕೆ ಬೆಲೆಗಿಂತ ದೊಡ್ಡ ಕಾರಣವೊಂದಿದೆ. ಆ ಯುದ್ಧಕಾಲದಲ್ಲಿ ಜರ್ಮನಿಯ ಕಾರ್ಖಾನೆಗಳಲ್ಲಿ ಲಕ್ಷಾಂತರ ಪರದೇಶೀಯರನ್ನು ಬಲಾತ್ಕಾರದಿಂದ ದುಡಿಸಿಕೊಳ್ಳಲಾಯಿತು. ಅವರಲ್ಲಿ ಬಹುಮಂದಿಯ ಹೆಸರು ಯಾವ ಉಪಕರಣದ ಮೇಲೂ ಇಲ್ಲ. ಅವರು ದುಡಿದ ಸ್ಥಳವನ್ನು ತೋರಿಸಬಲ್ಲ ಸಾಕ್ಷಿ ಕೆಲವೊಮ್ಮೆ ಈ ಮೂರು ಅಕ್ಷರಗಳಷ್ಟೇ. ಸಲಿಕೆಯನ್ನು ವಿಜಯಚಿಹ್ನೆಯಂತೆ ಗೋಡೆಗೆ ತೂಗುಹಾಕುವವನಿಗೆ ದೊರೆಯುವುದು ಒಂದು ಅಲಂಕಾರ. ಅಕ್ಷರಗಳನ್ನು ಓದಿ ಬರೆದಿಡುವವನು ಇತಿಹಾಸದ ಒಂದು ಪುಟವನ್ನು ಕಾಪಾಡುತ್ತಾನೆ.