ಬೈಗುಳವೂ ತಡ, ಬಿಸ್ಕತ್ತೂ ತಡ

ಸಂಜೆ ಬಾಗಿಲು ತೆರೆದರೆ ಚಪ್ಪಲಿ ಚಿಂದಿಯಾಗಿ ಬಿದ್ದಿರುತ್ತದೆ. ನಾಯಿ ಮೂಲೆಯಲ್ಲಿ ಕಿವಿ ಮಡಚಿ, ಬಾಲ ಮುದುರಿ, ಕಣ್ಣು ತಪ್ಪಿಸಿ ಕೂತಿರುತ್ತದೆ. ‘ಮಾಡಿದ್ದು ತಪ್ಪು ಅಂತ ಅದಕ್ಕೇ ಗೊತ್ತು ನೋಡಿ’ ಎನ್ನುತ್ತಾರೆ ಮನೆಯವರು.

ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಈ ನಂಬಿಕೆಯನ್ನು 14 ನಾಯಿಗಳ ಮೇಲೆ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ನಾಯಿಯ ಮುಂದೆ ತಿಂಡಿ ಇಟ್ಟು, ತಿನ್ನಬೇಡವೆಂದು ಹೇಳಿ, ಸಾಕಿದವರು ಕೋಣೆಯಿಂದ ಹೊರಗೆ ಹೋಗುತ್ತಿದ್ದರು. ಮರಳಿ ಬಂದಾಗ ನಾಯಿ ತಿಂದಿತೋ ಇಲ್ಲವೋ ಎಂಬ ಬಗ್ಗೆ ಅವರಿಗೆ ಕೆಲವೊಮ್ಮೆ ನಿಜ, ಕೆಲವೊಮ್ಮೆ ಸುಳ್ಳು ಹೇಳಲಾಗುತ್ತಿತ್ತು; ತಿಂದಿದೆ ಎಂದರೆ ಅವರು ಬೈಯುತ್ತಿದ್ದರು. ತಿಂದ ನಾಯಿಗೂ ತಿನ್ನದ ನಾಯಿಗೂ ಮುಖಭಾವದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆ ‘ಅಪರಾಧಿ’ ಮುಖ ಮೂಡಿದ್ದು ಬೈಸಿಕೊಂಡಾಗ. ಏನೂ ತಿನ್ನದೆ ಬೈಸಿಕೊಂಡಾಗ ಅದು ಇನ್ನೂ ಎದ್ದು ಕಾಣುತ್ತಿತ್ತು.

ಚಪ್ಪಲಿ ಕಡಿದದ್ದು ಮಧ್ಯಾಹ್ನ, ಬೈದದ್ದು ಸಂಜೆ. ಈ ಎರಡನ್ನೂ ನಾಯಿ ಜೋಡಿಸಿಕೊಳ್ಳುವುದಿಲ್ಲ. ಏನಾದರೂ ಮಾಡಿದ ಬೆನ್ನಿಗೇ, ಒಂದೆರಡು ಸೆಕೆಂಡಿನೊಳಗೆ, ಏನು ಸಿಕ್ಕಿತು ಎಂಬುದರಿಂದ ಅದು ಕಲಿಯುತ್ತದೆ. ಸಂಜೆಯ ಬೈಗುಳದಿಂದ ಅದಕ್ಕೆ ತಿಳಿಯುವುದಿಷ್ಟೇ: ಮನೆಯವರು ಬರುವ ಹೊತ್ತು ಅಪಾಯದ ಹೊತ್ತು. ಇದಕ್ಕಿಂತ ಕೆಟ್ಟ ಪಾಠ ಮೈದಾನದಲ್ಲಿ ನಡೆಯುತ್ತದೆ. ಬೆಲ್ಟ್ ಬಿಡಿಸಿಕೊಂಡು ಓಡಿದ ನಾಯಿ, ಕರೆದು ಕರೆದು ಗಂಟಲು ಒಣಗಿದ ಮೇಲೆ ಹತ್ತಿರ ಬರುತ್ತದೆ. ಬಂದೊಡನೆ ಬೆನ್ನಿಗೊಂದು ಏಟು. ಹೊಡೆದವರ ಲೆಕ್ಕದಲ್ಲಿ ಅದು ಓಡಿದ್ದಕ್ಕೆ ಶಿಕ್ಷೆ, ನಾಯಿಯ ಲೆಕ್ಕದಲ್ಲಿ ಬಂದದ್ದಕ್ಕೆ. ಮುಂದಿನ ಸಲ ಅದು ಕೈಗೆ ಸಿಗದಷ್ಟು ದೂರದಲ್ಲೇ ಸುತ್ತುತ್ತದೆ. ಆದ್ದರಿಂದ ಎಷ್ಟು ತಡವಾಗಿ ಬಂದರೂ, ಎಷ್ಟೇ ಸಿಟ್ಟು ಬಂದಿದ್ದರೂ, ಬಂದ ನಾಯಿಯನ್ನು ಮುದ್ದಿಸಲೇಬೇಕು.

ಬಹುಮಾನಕ್ಕೂ ಇದೇ ಗಡುವು. ‘ಕೂರು’ ಕಲಿಸುವುದನ್ನೇ ನೋಡಿ. ಬೇಯಿಸಿದ ಕೋಳಿಯದೋ ಪನೀರಿನದೋ ಕಡಲೆಕಾಳಿನಷ್ಟು ಚೂರು ಸಾಕು. ಒಣದ್ರಾಕ್ಷಿ ಮಾತ್ರ ಬೇಡ, ನಾಯಿಯ ಮೂತ್ರಪಿಂಡಕ್ಕೆ ಅದು ವಿಷ. ಚೂರನ್ನು ಮೂಗಿನ ತುದಿಯಲ್ಲಿ ಹಿಡಿದು ನಿಧಾನವಾಗಿ ತಲೆಯ ಮೇಲಿಂದ ಹಿಂದಕ್ಕೆ ಒಯ್ಯಿರಿ. ಮೂಗು ಮೇಲೇಳುತ್ತಿದ್ದಂತೆ ಹಿಂಭಾಗ ತಾನಾಗಿ ಇಳಿಯುತ್ತದೆ. ಕೈ ತೀರಾ ಎತ್ತರಕ್ಕೆ ಹೋದರೆ ಮರಿ ಹಿಂಗಾಲ ಮೇಲೆ ನಿಂತು ಜಿಗಿಯುತ್ತದೆ. ಕುಂಡೆ ನೆಲ ಮುಟ್ಟಿದ ಗಳಿಗೆಯಲ್ಲೇ ಚೂರು ಬಾಯಿಗೆ ಬೀಳಬೇಕು. ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಮರಿ ಎದ್ದು ಮೈಮೇಲೆ ಹಾರಿರುತ್ತದೆ. ಆಗ ಕೊಟ್ಟ ಬಿಸ್ಕತ್ತು ಹಾರಿದ್ದಕ್ಕೆ ಸಂದಾಯವಾಗುತ್ತದೆ.

ಕೈ ತಡವಾಗುವಲ್ಲಿ ಸದ್ದು ನೆರವಿಗೆ ಬರುತ್ತದೆ. ಊಟಕ್ಕೆ ಮುಂಚೆ ಪ್ರತಿ ಸಲವೂ ಒಂದು ಸದ್ದು ಕೇಳಿಸುತ್ತಿದ್ದರೆ, ಕ್ರಮೇಣ ಬರೀ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುತ್ತದೆಂದು ರಷ್ಯಾದ ಇವಾನ್ ಪಾವ್ಲೊವ್ ತೋರಿಸಿದ್ದರು. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ 1951ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಗೆ ಬರೆದ ಲೇಖನದಲ್ಲಿ ಈ ತತ್ವವನ್ನು ಮನೆನಾಯಿಗೆ ಅನ್ವಯಿಸುವ ಬಗೆ ಹೇಳಿದರು. ಟಿಕ್ ಎನ್ನುವ ಮಕ್ಕಳ ಆಟಿಕೆ ಒತ್ತಿ, ತಕ್ಷಣ ತಿಂಡಿ ಕೊಡುತ್ತ ಬಂದರೆ ಆ ಸದ್ದಿಗೇ ಬಹುಮಾನದ ಬೆಲೆ ಬರುತ್ತದೆ. ಆಮೇಲೆ ನಾಯಿ ಕೂತ ಕ್ಷಣಕ್ಕೆ ಟಿಕ್ ಎನಿಸಿದರೆ, ತಿಂಡಿ ತುಸು ಹಿಂದೆ ಬಂದರೂ ನಡೆಯುತ್ತದೆ. ಈಗ ಅಂಗಡಿಗಳಲ್ಲಿ ಸಿಗುವ ಕ್ಲಿಕ್ಕರ್ ಇದೇ ಕೆಲಸದ್ದು. ಅದಿಲ್ಲದಿದ್ದರೆ ‘ಶಭಾಷ್’ ಸಾಕು, ಆದರೆ ಮನೆಮಂದಿಯೆಲ್ಲ ಅದನ್ನೇ ಹೇಳಬೇಕು. ಆಜ್ಞೆಯೂ ಹಾಗೆಯೇ. ಅಜ್ಜಿ ‘ಕೂತ್ಕೋ’, ಮೊಮ್ಮಗಳು ‘ಸಿಟ್’, ಅಪ್ಪ ‘ಏ ಸುಮ್ನಿರು’ ಎಂದರೆ ಮರಿ ಮೂರು ಬೇರೆ ಪಾಠ ಕಲಿಯಬೇಕಾಗುತ್ತದೆ.

ನೆಂಟರ ಮೇಲೆ ಹಾರುವ ಚಾಳಿಯೂ ಬಹುಮಾನದಿಂದಲೇ ಬೆಳೆದದ್ದು. ಹಾರಿದಾಗ ಎಲ್ಲರೂ ಕೂಗುತ್ತಾರೆ, ಕೈಯಿಂದ ತಳ್ಳುತ್ತಾರೆ. ಗಮನಕ್ಕೆ ಹಸಿದ ನಾಯಿಗೆ ಇದೇ ಆಟ. ಬದಲಿಗೆ ಮುಖ ತಿರುಗಿಸಿ ಸುಮ್ಮನೆ ನಿಂತು, ನಾಲ್ಕೂ ಕಾಲು ನೆಲಕ್ಕೆ ಬಂದಾಗ ಮಾತಾಡಿಸಬೇಕು. ಒಬ್ಬರು ಮುದ್ದಿಸಿಬಿಟ್ಟರೂ ಚಾಳಿ ಉಳಿಯುತ್ತದೆ.

ನಾಯಿಗೆ ‘ಯಜಮಾನ ಯಾರೆಂದು ತೋರಿಸಬೇಕು’ ಎಂದು ಅದನ್ನು ಅಂಗಾತ ಕೆಡವಿ ಒತ್ತಿ ಹಿಡಿಯುವ ತರಬೇತುದಾರರು ಇಂದಿಗೂ ಇದ್ದಾರೆ. ಈ ವಾದದ ಬೇರು, ಸೆರೆಯಲ್ಲಿಟ್ಟ ತೋಳಗಳ ಬಗ್ಗೆ ಸಂಶೋಧಕ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದ ಪ್ರಬಂಧದಲ್ಲಿದೆ. ಕಾಡಿನ ತೋಳದ ಗುಂಪು ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳ ಸಂಸಾರವೆಂದು ತೋಳಗಳ ಸಂಶೋಧಕ ಡೇವಿಡ್ ಮೆಕ್ 1999ರಲ್ಲಿ ವಿವರಿಸಿದರು. ಮೊದಲು ತಮ್ಮ ಪುಸ್ತಕದಲ್ಲಿ, ಕಾದಾಡಿ ಗೆದ್ದ ಯಜಮಾನನೇ ಗುಂಪನ್ನು ಆಳುತ್ತಾನೆಂಬ ‘ಆಲ್ಫಾ’ ಕಲ್ಪನೆಯನ್ನು ಜನಪ್ರಿಯಗೊಳಿಸಿದವರೂ ಅವರೇ. 2020ರಲ್ಲಿ ಪೋರ್ಚುಗಲ್ಲಿನ ಸಂಶೋಧಕರು 92 ಸಾಕುನಾಯಿಗಳನ್ನು ಗಮನಿಸಿದಾಗ, ಗದರಿಕೆ ಮತ್ತು ಬೆಲ್ಟಿನ ಜಗ್ಗಾಟದಿಂದ ಕಲಿಸುವ ಶಾಲೆಗಳ ನಾಯಿಗಳಲ್ಲಿ ಒತ್ತಡದ ಲಕ್ಷಣಗಳೂ, ಜೊಲ್ಲಿನಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸೋಲೂ ಹೆಚ್ಚಿದ್ದವು. ಹೊಡೆತಕ್ಕೆ ಹೆದರಿ ಸುಮ್ಮನಾದ ನಾಯಿಯನ್ನು ಕಲಿತ ನಾಯಿ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಹೆದರಿಕೆ ಬೇರೂರದಂತೆ ನೋಡಿಕೊಳ್ಳಲು ಎಳವೆಯೇ ಒಳ್ಳೆಯ ಹೊತ್ತು. ಮೂರರಿಂದ ಹನ್ನೆರಡು–ಹದಿನಾಲ್ಕು ವಾರದ ಅವಧಿಯಲ್ಲಿ ಮರಿ ಹೊಸ ಮನುಷ್ಯರನ್ನೂ ಸದ್ದುಗಳನ್ನೂ ಹೆಚ್ಚು ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಆಗಿನ್ನೂ ಲಸಿಕೆಗಳು ಪೂರ್ತಿ ಆಗಿರುವುದಿಲ್ಲವಾದ್ದರಿಂದ ಬೀದಿಗೆ ಇಳಿಸಬಾರದು, ಎತ್ತಿಕೊಂಡು ಹೋಗಬಹುದು. ಆಟೋ, ಹೆಲ್ಮೆಟ್ ಹಾಕಿದವರು, ಊರುಗೋಲು ಹಿಡಿದ ತಾತ, ಶಾಲೆ ಬಿಟ್ಟ ಮಕ್ಕಳು ಎಲ್ಲವನ್ನೂ ತೋಳಿನಿಂದಲೇ ನೋಡಲಿ. ಮನೆಯಲ್ಲಿ ಕುಕ್ಕರ್ ಕೂಗಿದಾಗಲೆಲ್ಲ ಒಂದು ಚೂರು ಕೊಡಿ. ದೀಪಾವಳಿ ಹತ್ತಿರವಿದ್ದರೆ ಪಟಾಕಿಯ ಸದ್ದನ್ನು ಮೊಬೈಲಿನಲ್ಲಿ ತೀರಾ ಸಣ್ಣಗೆ ಇಟ್ಟು ಊಟ ಹಾಕಿ. ಮರಿ ತಟ್ಟೆ ಬಿಟ್ಟು ಕಿವಿ ನಿಮಿರಿಸಿದರೆ ಸದ್ದು ಇನ್ನೂ ಇಳಿಸಬೇಕು.