ಕಡಲ ತಳದ ಕೆಸರು

ಕುಮಟೆಯ ಸಮೀಪ ಅಘನಾಶಿನಿ ನದಿಯು ಅರಬ್ಬೀ ಸಮುದ್ರವನ್ನು ಸೇರುವ ಅಳಿವೆಯಲ್ಲಿ, ಇಳಿತದ ಹೊತ್ತಿಗೆ ವಿಶಾಲವಾದ ಕೆಸರುಬಯಲು ತೆರೆದುಕೊಳ್ಳುತ್ತದೆ. ಅಲ್ಲಿನ ಕಾಂಡ್ಲಾ ಗಿಡಗಳ ಬುಡದಿಂದ ಒಂದು ಹಿಡಿ ಕೆಸರನ್ನು ಎತ್ತಿ ನೋಡಿದರೆ ಮೇಲಿನ ತೆಳುಪದರ ಕಂದುಬಣ್ಣದ್ದು. ಅದರ ಕೆಳಗಿನದು ಕಾಡಿಗೆಯಂತೆ ಕಪ್ಪು. ಆ ಕಪ್ಪು ಕೆಸರಿನಿಂದ ಕೊಳೆತ ಮೊಟ್ಟೆಯ ವಾಸನೆ ಹೊರಡುತ್ತದೆ. ಮೂಗು ಮುಚ್ಚಿಕೊಂಡು ದೂರ ಸರಿಯುವುದು ನಮಗೆಲ್ಲ ಸಹಜ. ಆದರೆ ಬಣ್ಣ ಏಕೆ ಬದಲಾಯಿತು, ವಾಸನೆ ಎಲ್ಲಿಂದ ಬಂದಿತು ಎಂದು ಕೇಳಿಕೊಂಡವರು ಬಹು ಸ್ವಾರಸ್ಯವಾದ ಒಂದು ಲೋಕದ ಬಾಗಿಲಿಗೆ ಬಂದು ನಿಲ್ಲುತ್ತಾರೆ.

ಈ ಲೋಕದ ನಿವಾಸಿಗಳು ಬ್ಯಾಕ್ಟೀರಿಯಗಳು. ಕರಾವಳಿಯ ಮೇಲ್ಪದರದ ಕೆಸರಿನ ಒಂದು ಘನ ಸೆಂಟಿಮೀಟರಿನಲ್ಲಿ, ಎಂದರೆ ಒಂದು ಸಣ್ಣ ಗೋಲಿಯಷ್ಟು ಜಾಗದಲ್ಲಿ, ಹತ್ತು ಕೋಟಿಯಿಂದ ನೂರು ಕೋಟಿಯವರೆಗೆ ಸೂಕ್ಷ್ಮಜೀವಿಗಳಿರುತ್ತವೆ. ಮರಳಿನ ಒಂದೇ ಕಣದ ಮೇಲೆ ಹತ್ತು ಸಾವಿರದಿಂದ ಒಂದು ಲಕ್ಷದವರೆಗೆ ಬ್ಯಾಕ್ಟೀರಿಯಗಳು ವಾಸಿಸಬಲ್ಲವು. ಅಲೆಗಳಲ್ಲಿ ಕಣಕ್ಕೆ ಕಣ ಉಜ್ಜುವುದರಿಂದ ಅವು ಉಬ್ಬಿದ ಭಾಗಗಳನ್ನು ಬಿಟ್ಟು, ಸಣ್ಣ ಬಿರುಕು ತಗ್ಗುಗಳಲ್ಲಿ ಮನೆ ಮಾಡಿಕೊಂಡಿರುತ್ತವೆ. ಮೇಲಿನ ನೀರಿನಲ್ಲಿ ಸತ್ತ ಸಸ್ಯ ಪ್ರಾಣಿಗಳ ಅವಶೇಷವು ಜಡಿಮಳೆಯಂತೆ ಸದಾ ತಳಕ್ಕೆ ಬೀಳುತ್ತಿರುತ್ತದೆ. ಅದೇ ಇವುಗಳಿಗೆ ಆಹಾರ.

ಆಹಾರವೊಂದಿದ್ದರೆ ಸಾಲದು, ಅದನ್ನು ಉಸಿರಾಟದಿಂದ ದಹಿಸಿ ಶಕ್ತಿಯನ್ನು ಪಡೆಯಬೇಕು. ನಾವು ಆಮ್ಲಜನಕವನ್ನು ಉಸಿರಾಡುತ್ತೇವೆ. ಕೆಸರಿನ ಮೇಲ್ಪದರದ ಬ್ಯಾಕ್ಟೀರಿಯಗಳೂ ಹಾಗೆಯೇ ಮಾಡುತ್ತವೆ. ಆದರೆ ನೀರಿನಲ್ಲಿ ಕರಗಿದ ಆಮ್ಲಜನಕವು ಕೆಸರಿನೊಳಕ್ಕೆ ಬಹು ನಿಧಾನವಾಗಿ ಇಳಿಯುತ್ತದೆ. ಕರಾವಳಿಯ ಕೆಸರಿನಲ್ಲಿ ಅದು ಕೆಲವು ಮಿಲಿಮೀಟರು ಇಳಿಯುವಷ್ಟರಲ್ಲಿಯೇ ಮುಗಿದುಹೋಗುತ್ತದೆ. ಅಲ್ಲಿಗೆ ಜೀವವೂ ಮುಗಿಯಬೇಕಲ್ಲವೆ? ಇಲ್ಲ. ಆಮ್ಲಜನಕ ಮುಗಿದಲ್ಲಿ ನೈಟ್ರೇಟನ್ನು ಉಸಿರಾಡುವ ಬ್ಯಾಕ್ಟೀರಿಯಗಳಿವೆ. ಅದೂ ಮುಗಿದರೆ ಮ್ಯಾಂಗನೀಸು, ಕಬ್ಬಿಣಗಳ ಸಂಯುಕ್ತಗಳನ್ನು ಬಳಸುವವು ಬರುತ್ತವೆ. ಅವುಗಳ ಕೆಳಗೆ ಸಲ್ಫೇಟನ್ನು ಅವಲಂಬಿಸಿದವು. ಕೆಳಗಿಳಿದಂತೆಲ್ಲ ಉಸಿರಾಟದಿಂದ ದೊರೆಯುವ ಶಕ್ತಿ ಕಡಮೆಯಾಗುತ್ತ ಹೋಗುತ್ತದೆ. ನಾಲೆಯ ಮೊದಲ ಭಾಗದವರು ಭತ್ತ ಬೆಳೆದರೆ, ನೀರು ಸಾಕಷ್ಟು ತಲಪದ ಕೊನೆಯ ಭಾಗದವರು ರಾಗಿಯಿಂದ ತೃಪ್ತರಾಗುವುದಿಲ್ಲವೆ? ಇದೂ ಅದೇ ರೀತಿ.

ಕಡಲಿನಲ್ಲಿ ಸಲ್ಫೇಟಿಗೆ ಬರವಿಲ್ಲ. ಒಂದು ಲೀಟರು ಕಡಲನೀರಿನಲ್ಲಿ ಆಮ್ಲಜನಕ ಕೆಲವೇ ಮಿಲಿಗ್ರಾಮ್ ಇದ್ದರೆ ಸಲ್ಫೇಟು ಸುಮಾರು 2.7 ಗ್ರಾಮ್ ಇರುತ್ತದೆ. ಸಲ್ಫೇಟನ್ನು ಉಸಿರಾಡುವ ಬ್ಯಾಕ್ಟೀರಿಯಗಳನ್ನು ಹಾಲೆಂಡಿನ ಬೈಯರಿಂಕ್ ಎಂಬ ವಿಜ್ಞಾನಿ 1895ರಲ್ಲಿ ಬೆಳಕಿಗೆ ತಂದನು. ನಾವು ಉಸಿರಾಡಿ ಇಂಗಾಲದ ಡೈಆಕ್ಸೈಡನ್ನೂ ನೀರಾವಿಯನ್ನೂ ಬಿಡುವಂತೆ ಇವು ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲವನ್ನೂ ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅದರದೇ. ಅದು ಕೆಸರಿನಲ್ಲಿರುವ ಕಬ್ಬಿಣದೊಡನೆ ಕೂಡಿ ಕಪ್ಪು ಬಣ್ಣದ ಕಬ್ಬಿಣದ ಸಲ್ಫೈಡ್ ಆಗುತ್ತದೆ. ದುರ್ವಾಸನೆಯೆಂದು ಇವನ್ನು ಹಳಿಯುವುದು ಸರಿಯಲ್ಲ. ಕರಾವಳಿಯ ಆಳವಿಲ್ಲದ ಕಡಲ ತಳದಲ್ಲಿ ಕೊಳೆಯುವ ವಸ್ತುವಿನ ಸುಮಾರು ಅರ್ಧಭಾಗವನ್ನು ಕರಗಿಸಿ, ಅದರ ಸಾರವನ್ನು ಮತ್ತೆ ಕಡಲಿಗೆ ಒಪ್ಪಿಸುವುದು ಇವುಗಳೇ.

ಊರಿನ ಕೆರೆಯ ಕೆಸರನ್ನು ಕೋಲಿನಿಂದ ಕದಡಿದರೆ ಗುಳ್ಳೆಗಳೇಳುವುದನ್ನು ನೀವು ನೋಡಿರಬಹುದು. ಅವು ಬಹುಪಾಲು ಮೀಥೇನ್ ಅನಿಲದ ಗುಳ್ಳೆಗಳು. ಸಿಹಿನೀರಿನಲ್ಲಿ ಸಲ್ಫೇಟು ಅಲ್ಪವಾದುದರಿಂದ ಕೆರೆಯ ಕೆಸರಿನಲ್ಲಿ ಮೀಥೇನನ್ನು ತಯಾರಿಸುವ ಸೂಕ್ಷ್ಮಜೀವಿಗಳದೇ ಮೇಲುಗೈ. ಕಡಲ ಕೆಸರಿನಲ್ಲಿಯೂ ಸಲ್ಫೇಟು ಮುಗಿದ ಆಳದಲ್ಲಿ ಮೀಥೇನ್ ಹುಟ್ಟುತ್ತದೆ. ಆದರೆ ಅದು ಮೇಲೇರಿ ಬರುವ ದಾರಿಯಲ್ಲಿಯೇ ಬಹುಪಾಲು ಖರ್ಚಾಗಿಬಿಡುತ್ತದೆ. ಆರ್ಕಿಯ ಎಂಬ ಬೇರೊಂದು ಕುಲದ ಜೀವಿಗಳು ಸಲ್ಫೇಟು ಬಳಸುವ ಬ್ಯಾಕ್ಟೀರಿಯಗಳೊಡನೆ ಪಾಲುದಾರರಾಗಿ ಅದನ್ನು ತಿಂದುಹಾಕುವುದನ್ನು ಅಮೆರಿಕದ ಆರೆಗಾನ್ ಕರಾವಳಿಯ ಕೆಸರಿನಲ್ಲಿ 2000ದಲ್ಲಿ ಕಂಡರು. ಮೀಥೇನ್ ಭೂಮಿಯನ್ನು ಬಿಸಿಮಾಡುವ ಅನಿಲ. ಈ ಕಾವಲು ಇಲ್ಲದಿದ್ದರೆ ಅದು ಇನ್ನೂ ಹೆಚ್ಚಿಗೆ ವಾತಾವರಣವನ್ನು ಸೇರುತ್ತಿದ್ದಿತು.

ನೆಲೆ ಬದಲಾದರೆ ನಿವಾಸಿಗಳೂ ಬದಲಾಗುತ್ತಾರೆ. ಆಫ್ರಿಕದ ನೈಋತ್ಯದಲ್ಲಿರುವ ನಮೀಬಿಯದ ಕರಾವಳಿ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಗಾಳಿಯ ಒತ್ತಡದಿಂದ ಕಡಲ ಆಳದ ತಣ್ಣೀರು ಮೇಲಕ್ಕೆ ಉಕ್ಕುತ್ತದೆ. ಆ ನೀರು ಪೋಷಕ ಲವಣಗಳಿಂದ ಸಮೃದ್ಧ. ಆದುದರಿಂದ ಸೂಕ್ಷ್ಮಸಸ್ಯಗಳು ಅಪಾರವಾಗಿ ಬೆಳೆದು, ಸತ್ತು, ತಳಕ್ಕೆ ಬೀಳುತ್ತವೆ. ತಳದ ಕೆಸರೆಲ್ಲ ಹೈಡ್ರೋಜನ್ ಸಲ್ಫೈಡಿನಿಂದ ತುಂಬಿಹೋಗುತ್ತದೆ. ಒಮ್ಮೊಮ್ಮೆ ಆ ಅನಿಲ ಮೇಲೆ ಉಕ್ಕಿ ನೀರು ಹಾಲು ಬೆರಸಿದಂತೆ ಕಾಣುವುದುಂಟು. ಮೀನುಗಳು ರಾಶಿಯಾಗಿ ಸಾಯುವುದುಂಟು. ಇಂಥ ವಿಷದ ಕೆಸರಿನಲ್ಲಿ 1997ರಲ್ಲಿ ಜರ್ಮನಿಯ ಹೈಡೆ ಶುಲ್ಟ್ಸ್ ಎಂಬ ವಿಜ್ಞಾನಿ ಬರಿಗಣ್ಣಿಗೆ ಕಾಣುವ ಬ್ಯಾಕ್ಟೀರಿಯವನ್ನು ಕಂಡಳು. ಸಾಮಾನ್ಯ ಬ್ಯಾಕ್ಟೀರಿಯ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟಿದ್ದರೆ ಇದರ ಅಡ್ಡಗಲ 0.75 ಮಿಲಿಮೀಟರಿನವರೆಗೂ ಇರುತ್ತದೆ. ಒಳಗಿನ ಗಂಧಕದ ಕಣಗಳಿಂದ ಬಿಳುಪಾಗಿ ಹೊಳೆಯುತ್ತ, ಮುತ್ತಿನ ಸರದಂತೆ ಕಾಣುವ ಇದಕ್ಕೆ ಗಂಧಕದ ಮುತ್ತು ಎಂಬ ಅರ್ಥದ ಹೆಸರನ್ನೇ ಇಟ್ಟರು.

ಇದು ಇಷ್ಟು ದೊಡ್ಡದಾದುದು ಸುಮ್ಮನೆ ಅಲ್ಲ. ಇದಕ್ಕೆ ಬೇಕಾದ ಸಲ್ಫೈಡ್ ಕೆಸರಿನಲ್ಲಿದೆ, ನೈಟ್ರೇಟು ಮೇಲಿನ ನೀರಿನಲ್ಲಿದೆ; ನಡೆದು ಹೋಗಿ ತರಲು ಇದಕ್ಕೆ ಚಲನೆಯಿಲ್ಲ. ಬಿರುಗಾಳಿ ಬಂದು ಕೆಸರು ಕದಡಿದಾಗ ಮಾತ್ರ ಮೇಲಿನ ನೀರಿನ ಸಂಪರ್ಕ ದೊರೆಯುತ್ತದೆ. ಆಗ ಇದು ತನ್ನ ಒಡಲಿನ ಚೀಲದಲ್ಲಿ ನೈಟ್ರೇಟನ್ನು ತುಂಬಿಕೊಂಡು, ಮುಂದಿನ ಬಿರುಗಾಳಿಯವರೆಗೆ ಉಳಿತಾಯದಿಂದ ಬಾಳುತ್ತದೆ. ಒಡಲಿನ ಬಹುಪಾಲು ಈ ಚೀಲವೇ. ಬರಗಾಲವನ್ನು ಕಂಡ ಮನೆಯವರು ಹಗೇವಿನಲ್ಲಿ ಕಾಳನ್ನು ಕಾಪಿಡುವ ಜಾಣತನ ಇದರದು.

ಇದಕ್ಕೆ ನೇರ ವಿರುದ್ಧವಾದುದು ದಕ್ಷಿಣ ಪೆಸಿಫಿಕ್ ಸಾಗರದ ನಡುಭಾಗ. ಅಲ್ಲಿನ ನೀರಿನಲ್ಲಿ ಪೋಷಕ ಲವಣಗಳಿಲ್ಲ. ತಳಕ್ಕೆ ಬೀಳುವ ಆಹಾರ ತೀರ ಅಲ್ಪ. ತಿನ್ನುವವರು ಕಡಮೆಯಾದುದರಿಂದ ಆಮ್ಲಜನಕ ಖರ್ಚಾಗದೆ, ಹತ್ತಾರು ಮೀಟರು ದಪ್ಪದ ಹೂಳಿನ ಕೊನೆಯವರೆಗೂ ಇಳಿದಿದೆ. ಬಡ ಕೆಸರಿನಲ್ಲಿ ಉಸಿರಿಗೆ ಕೊರತೆಯಿಲ್ಲ, ಶ್ರೀಮಂತ ಕೆಸರಿನಲ್ಲಿ ಉಸಿರಿಲ್ಲ! 2010ರಲ್ಲಿ ಅಲ್ಲಿಂದ ಕೊರೆದು ತಂದ, ಹತ್ತು ಕೋಟಿ ವರ್ಷಗಳಷ್ಟು ಹಳೆಯ ಹೂಳಿನ ಸೂಕ್ಷ್ಮಜೀವಿಗಳಿಗೆ ಜಪಾನಿನ ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಆಹಾರವನ್ನಿತ್ತಾಗ ಅವು ಮತ್ತೆ ಬೆಳೆಯತೊಡಗಿದವು. ಈ ಸಂಗತಿ 2020ರಲ್ಲಿ ಪ್ರಕಟವಾಯಿತು.

ನಮ್ಮ ಪಶ್ಚಿಮ ಕರಾವಳಿಯು ನಮೀಬಿಯದ ಗುಂಪಿಗೆ ಹತ್ತಿರವಾದುದು. ಮುಂಗಾರಿನ ದಿನಗಳಲ್ಲಿ ಇಲ್ಲಿಯೂ ಆಳದ ತಣ್ಣೀರು ದಡದತ್ತ ಏರಿಬರುತ್ತದೆ. ಆ ನೀರಿನಲ್ಲಿ ಆಮ್ಲಜನಕ ಮೊದಲೇ ಅಲ್ಪ. ಮಳೆಯ ಸಿಹಿನೀರು ಮುಚ್ಚಳದಂತೆ ಮೇಲೆ ಹರಡಿಕೊಳ್ಳುವುದರಿಂದ ಗಾಳಿಯ ಆಮ್ಲಜನಕ ಕೆಳಗಿಳಿಯದು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಕಡಲ ತಳ ಉಸಿರುಕಟ್ಟಿದಂತಾಗುತ್ತದೆ. 1966ರಲ್ಲಿ ಸ್ಥಾಪಿತವಾದ, ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1999ರಲ್ಲಿ ಈ ನೀರಿನಲ್ಲಿ ಹೈಡ್ರೋಜನ್ ಸಲ್ಫೈಡನ್ನೇ ಕಂಡರು. ಹೊಲಗಳಿಂದ ಹರಿದುಬರುವ ಗೊಬ್ಬರದ ಅಂಶವೂ ಕಡಲಿನ ಈ ಕೊರತೆಯನ್ನು ಹೆಚ್ಚಿಸುತ್ತಿರಬಹುದೆಂದು ಅವರ ಊಹೆ. ಆಮ್ಲಜನಕ ತೀರಿದ ನೀರಿನಲ್ಲಿ ಮೀನು, ಸಿಗಡಿ, ಚಿಪ್ಪಿನ ಪ್ರಾಣಿಗಳಿಗೆ ನೆಲೆಯಿಲ್ಲ. ಸಲ್ಫೇಟನ್ನು ಉಸಿರಾಡುವ ಬ್ಯಾಕ್ಟೀರಿಯಗಳಿಗೆ ಮಾತ್ರ ಅದು ಸುಗ್ಗಿ. ಕೆಸರಿನೊಳಗೆ ಕೆಲವು ಮಿಲಿಮೀಟರು ಕೆಳಗಿದ್ದ ಅವುಗಳ ರಾಜ್ಯ ಆಗ ಕೆಸರನ್ನು ದಾಟಿ ನೀರಿಗೂ ಏರುತ್ತದೆ. ಮಳೆಗಾಲ ಕಳೆದು ಕಡಲಿನ ಪ್ರವಾಹ ದಿಕ್ಕು ಬದಲಿಸಿದ ಮೇಲೆ ಆಮ್ಲಜನಕ ಮರಳಿ ಬಂದು, ಆ ರಾಜ್ಯದ ಎಲ್ಲೆ ಪುನಃ ಕಂದುಪದರದ ಕೆಳಕ್ಕೆ ಇಳಿಯುತ್ತದೆ.