ಬೂದಿ ಕೊಟ್ಟ ಕೆಲಸ

ಕಬ್ಬು ನುರಿಸುವ ಹಂಗಾಮು ಶುರುವಾದರೆ ಅಫಜಲಪುರದ ಕಡೆಯ ನಮ್ಮೂರಲ್ಲಿ ಅವ್ವನಿಗೆ ಒಂದು ಕೆಲಸ ಹೆಚ್ಚು. ಮಾಳಗಿ ಮೇಲೆ ಒಣಹಾಕಿದ ಬಟ್ಟೆ, ಮೆಣಸಿನಕಾಯಿ ಎಲ್ಲದರ ಮೇಲೂ ಕರಿ ಬೂದಿ. ಕಾರ್ಖಾನೆಯ ಬಾಯ್ಲರ್‌ನಲ್ಲಿ ಕಬ್ಬಿನ ಸಿಪ್ಪೆ ಉರಿದು ಉಳಿಯುವ ಬೂದಿ ಅದು. ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ವಿಷಯ ಹುಡುಕುವಾಗ ನನಗೆ ನೆನಪಾದದ್ದು ಅದೇ. ಆಳಂದದ ಗೆಳೆಯ, ಜೇವರ್ಗಿಯ ಗೆಳತಿ ಮತ್ತು ನಾನು ಒಂದು ತಂಡವಾದೆವು. ‘ಬೂದಿ ಮ್ಯಾಲೆ ಪ್ರಾಜೆಕ್ಟಾ?’ ಎಂದು ಇಡೀ ಕ್ಲಾಸು ನಕ್ಕಿತು.

ಚಪ್ಪಲಿಯ ಅಟ್ಟೆ, ಟೈರು, ಮ್ಯಾಟು ಯಾವುದೂ ಬರೀ ರಬ್ಬರ್ ಅಲ್ಲ. ರಬ್ಬರಿಗೆ ಗಂಧಕ, ಸತುವಿನ ಆಕ್ಸೈಡ್, ಸ್ಟಿಯರಿಕ್ ಆಮ್ಲದ ಜೊತೆಗೆ ‘ಫಿಲ್ಲರ್’ ಎಂಬ ಪುಡಿ ಬೆರೆಸುತ್ತಾರೆ. ಟೈರು ಕಪ್ಪಗಿರುವುದು ಕಾರ್ಬನ್ ಬ್ಲ್ಯಾಕ್ ಎಂಬ ಫಿಲ್ಲರ್‌ನಿಂದ. ಅದು ಹೆಚ್ಚಾಗಿ ಪೆಟ್ರೋಲಿಯಂ ಎಣ್ಣೆಯಿಂದ ತಯಾರಾಗುತ್ತದೆ. ಇನ್ನೊಂದು ಫಿಲ್ಲರ್ ಸಿಲಿಕಾ. ಕಬ್ಬಿನ ಸಿಪ್ಪೆಯ ಬೂದಿಯಲ್ಲಿ ಸಿಲಿಕಾ ಹೇರಳ. ರಾಯಚೂರಿನ ಶಕ್ತಿನಗರದಂಥ ವಿದ್ಯುತ್ ಸ್ಥಾವರಗಳ ಹಾರುಬೂದಿಗೆ ಸಿಮೆಂಟ್, ಇಟ್ಟಿಗೆಯ ದಾರಿಯಾದರೂ ಇದೆ. ನಮ್ಮ ಬೂದಿಗೆ ರಬ್ಬರ್ ದಾರಿ ಹುಡುಕೋಣ ಎಂದುಕೊಂಡೆವು.

ನಗರದಲ್ಲಿ ಮ್ಯಾಟ್ ಮಾಡುವ ಸಣ್ಣ ಶೆಡ್‌ನ ಮಾಲೀಕರು ಎರಡು ರೋಲರ್‌ಗಳ ಯಂತ್ರ ಬಳಸಲು ಬಿಟ್ಟರು. ನೂರು ಭಾಗ ರಬ್ಬರಿಗೆ 30 ಭಾಗ ಬೂದಿ ಹಾಕಿದೆವು. ಬಂದ ತುಂಡನ್ನು ಬಗ್ಗಿಸಿದರೆ ಸೀಳಿಹೋಯಿತು. ‘ತಮ್ಮಾ, ಒಣಗಿಸಿ ಜರಡಿ ಹಿಡಿದೀರೇನು?’ ಎಂದು ಅವರು ಕೇಳಿದಾಗ ಮೂವರೂ ತಲೆ ಕೆರೆದುಕೊಂಡೆವು.

ತಪ್ಪು ನಿಧಾನಕ್ಕೆ ತಿಳಿಯಿತು. ಬೂದಿಯಲ್ಲಿ ಪೂರ್ತಿ ಉರಿಯದ ಇಂಗಾಲವಿತ್ತು, ತೇವವೂ ಇತ್ತು. ಮೇಲಾಗಿ ಸಿಲಿಕಾ ರಬ್ಬರಿನೊಂದಿಗೆ ಸುಲಭಕ್ಕೆ ಬೆರೆಯದು. ರಬ್ಬರ್ ಬೇಗ ಹದಗೊಳ್ಳಲೆಂದು ಹಾಕುವ ರಾಸಾಯನಿಕವನ್ನೂ ಹೀರಿಕೊಂಡು ತಡ ಮಾಡುತ್ತದೆ. ಕುದಿಯುವ ನೀರು ಹಾಕದೆ ಜೋಳದ ಹಿಟ್ಟು ನಾದಿದರೆ ರೊಟ್ಟಿ ಅಂಚು ಬಿರಿಯುವುದಿಲ್ಲವೇ? ಹಾಗೆ. ಇಲ್ಲಿ ಎರಡನ್ನೂ ಬೆಸೆಯಲು ಸಿಲೇನ್ ಎಂಬ ರಾಸಾಯನಿಕ ಬೇಕು. ಬೂದಿಯನ್ನು ಮತ್ತೆ ಸುಟ್ಟು, ಅರೆದು, 75 ಮೈಕ್ರಾನ್ ಜರಡಿಯಲ್ಲಿ ಸೋಸಿ, ಸಿಲೇನ್ ಬೆರೆಸಿದೆವು. ಸಿಲಿಕಾ ದೂಳು ಶ್ವಾಸಕೋಶಕ್ಕೆ ಅಪಾಯ, ಆದ್ದರಿಂದ ಮಾಸ್ಕ್ ಹಾಕದೆ ಮುಟ್ಟಲಿಲ್ಲ. ಈ ಸಲದ ತುಂಡು ಬಗ್ಗಿತು, ಸೀಳಲಿಲ್ಲ.

ಆ ಹುರುಪಿನಲ್ಲಿ ಮೊದಲ ಸಂದರ್ಶನದಲ್ಲಿ, ‘ಕಾರ್ಬನ್ ಬ್ಲ್ಯಾಕ್ ಬದಲು ನಮ್ಮ ಬೂದಿ ಸಾಕು ಸರ್’ ಎಂದುಬಿಟ್ಟೆ. ‘ಕಣದ ಗಾತ್ರ ಎಷ್ಟು?’ ಎಂದು ಕೇಳಿದರು. ನನ್ನ ಬಾಯಿ ಕಟ್ಟಿತು. ಕೆಲಸವೂ ತಪ್ಪಿತು. ಕಾರ್ಬನ್ ಬ್ಲ್ಯಾಕ್‌ನ ಕಣ ಕೆಲವೇ ಹತ್ತು ನ್ಯಾನೊಮೀಟರ್. ನಮ್ಮ ಬೂದಿಯ ದಪ್ಪ ಕಣಗಳು ಅದಕ್ಕಿಂತ ಸಾವಿರ ಪಟ್ಟು ದೊಡ್ಡವು. ಕಣ ದಪ್ಪವಿದ್ದಷ್ಟೂ ರಬ್ಬರಿಗೆ ಬಲ ಕಡಿಮೆ. ಟೈರಿಗೆ ಆಗದು, ನೆಲದ ಮ್ಯಾಟ್‌ನಂಥ ಹೆಚ್ಚು ಬಲ ಬೇಡದ ವಸ್ತುಗಳಿಗೆ ಆದೀತು. ಮನೆಗೆ ಬಂದು ಇದನ್ನೆಲ್ಲ ಓದುವಾಗ ನಾಚಿಕೆಯಾಯಿತು.

ಎರಡನೇ ಸಂದರ್ಶನಕ್ಕೆ ಹೋಗುವಾಗ ಸೀಳಿದ ತುಂಡನ್ನೂ ಚೀಲದಲ್ಲಿ ಇಟ್ಟುಕೊಂಡೆ. ಎಲ್ಲಿ ತಪ್ಪಿದೆವು, ಯಾವುದಕ್ಕೆ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಒಳ್ಳೆಯ ತುಂಡಿಗಿಂತ ಆ ಸೀಳಿದ ತುಂಡನ್ನೇ ಅವರು ಹೆಚ್ಚು ಹೊತ್ತು ತಿರುಗಿಸಿ ನೋಡಿದರು. ಈಗ ಅಲ್ಲಿಯೇ ಗುಣಮಟ್ಟ ಪರೀಕ್ಷಾ ವಿಭಾಗದಲ್ಲಿ ಟ್ರೈನಿ ಆಗಿದ್ದೇನೆ.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಹೇಳುವುದಿಷ್ಟೇ: ಪ್ರಾಜೆಕ್ಟ್ ದುಡ್ಡು ಕೊಟ್ಟು ಕೊಳ್ಳಬೇಡಿ. ನಿಮ್ಮೂರಲ್ಲಿ ಬೇಡವೆಂದು ಬಿಸಾಡುವ ವಸ್ತುವನ್ನೊಮ್ಮೆ ಕೈಗೆತ್ತಿಕೊಳ್ಳಿ. ಸೋತದ್ದನ್ನೂ ಬರೆದಿಟ್ಟುಕೊಳ್ಳಿ.

ಮೊನ್ನೆ ಅವ್ವ ಫೋನ್ ಮಾಡಿದ್ದಳು. ‘ಮಾಳಗಿ ಗುಡಿಸೀನಿ. ಬೂದಿ ಚೆಲ್ಲಲೋ, ನಿನಗ ತೆಗೆದಿಡಲೋ?’ ಎಂದು ಕೇಳಿದಳು.